ವಖಾರ ಗಲ್ಲಿ ತಾಲೀಮಿನ ಲಿಲಾವು

ನಿಪ್ಪಾಣಿ
೧೨ ಆಗಸ್ಟ್ ೧೯೮೮

ಇಬ್ರಾಹಿಮನಿಗೆ ಶ್ರೀಪಾಲನ ನಮಸ್ಕಾರ.

ಎರಡು ವರ್ಷದಲ್ಲಿ ನಿನಗೆ ಒಂದು ಸಾಲು ಬರೆಯದವನು ಇವತ್ತು ಇನ್‌ಲ್ಯಾಂಡ್ ಲೆಟರಿನ ಅಂಚನ್ನೂ ಬಿಡದೆ ಬರೆಯಲು ಕೂತಿದ್ದಾನೆ ಅಂದರೆ, ಏನೋ ಕುತ್ತು ಬಂದಿದೆ ಎಂದು ನೀನು ಅಂದುಕೊಳ್ಳುತ್ತೀ. ಅಂದುಕೊಂಡದ್ದು ಸರಿಯೇ. ಇಲ್ಲಿ ಕ್ಷೇಮವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತಾಲೀಮಿಗೆ, ಅಜ್ಜಂದಿರ ಕಾಲದ ಆ ಗರಡಿಗೆ, ಚಿಕ್ಕೋಡಿಯಿಂದ ಟ್ಯಾಕ್ಸಿನ ನೋಟೀಸು ಬಂದಿದೆ. ೮೬ರಲ್ಲಿ ನಾವು ನಡೆಸಿದ ಫುಟ್ಬಾಲ್ ಟೂರ್ನಮೆಂಟು ನಿನಗೆ ನೆನಪಿರಬೇಕು. ನೀನು ಕ್ಯಾಪ್ಟನ್, ನಾನು ಸೆಕ್ರೆಟರಿ. ಕೊಲ್ಹಾಪುರದವರು, ಮಿರಜದವರು, ಗಡಹಿಂಗ್ಲಜದವರು ಬಂದಿದ್ದರು. ಆಗ ಟಿಕೀಟು ಮಾರಿದರೆ ಮನರಂಜನಾ ತೆರಿಗೆ ಕಟ್ಟಬೇಕಾಗುತ್ತದೆ ಅಂತ ನಾನು ಒಂದು ಶಾಣ್ಯಾತನ ಮಾಡಿದೆ. ಟಿಕೀಟಿನ ಬದಲು ದೇಣಿಗೆ ಪಾವತಿ ಅಚ್ಚು ಹಾಕಿಸಿದೆ. ಯಾರು ದೇಣಿಗೆ ಕೊಡುತ್ತಾರೋ ಅವರು ಒಳಗೆ ಬಂದು ಆಟ ನೋಡಿದರೆ ಸರಕಾರದ ಗಂಟೇನು ಹೋಯಿತು ಎನ್ನುವುದು ನನ್ನ ವಾದ. ನೀವೆಲ್ಲ ಸೇರಿ ನನ್ನ ಬೆನ್ನು ಚಪ್ಪರಿಸಿದ್ದಿರಿ.

ಆದರೆ ನನ್ನದು ವ್ಯಾಪಾರಸ್ಥರ ಮನೆತನ. ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ ಅಂತ ಬರೆಯದೇ ಇದ್ದರೆ ಕೈಗೆ ಸಮಾಧಾನವಿಲ್ಲ. ಆ ಪಾವತಿಯ ಕೆಳಗೆ ಸಣ್ಣಕ್ಷರದಲ್ಲಿ ‘ನೆಲ ದೇಣಿಗೆ’, ‘ಖುರ್ಚಿ ದೇಣಿಗೆ’ ಎಂದು ಬೇರೆ ಬೇರೆ ದರ ಹಾಕಿಸಿದ್ದೆ. ಮೊನ್ನೆ ಚಿಕ್ಕೋಡಿಯಲ್ಲಿ ಟ್ಯಾಕ್ಸಿನ ಸಾಹೇಬರು ಅದನ್ನು ಕನ್ನಡಕ ಏರಿಸಿ ನೋಡಿ, “ಏನ್ರಿ ಶ್ರೀಪಾಲ, ದೇಣಿಗಿಗೂ ಖುರ್ಚಿ ಬ್ಯಾರೆ, ನೆಲ ಬ್ಯಾರೆ ಇರತಾವೇನ್ರಿ?” ಅಂದರು. ಸುತ್ತಲಿದ್ದ ಗುಮಾಸ್ತರು ನಕ್ಕರು. ನನಗೂ ನಗು ಬಂತು, ಆದರೆ ದಂಡ ಸೇರಿ ಬಂದ ಮೊತ್ತ ಕೇಳಿ ಬಾಯಿ ಮುಚ್ಚಿತು. ಹದಿನಾಲ್ಕು ಸಾವಿರದ ಮೇಲೆ. ಕಟ್ಟದಿದ್ದರೆ ಮೊದಲು ತಾಲೀಮಿನ ಸಾಮಾನು ಜಪ್ತಿ, ಅದನ್ನು ಹರಾಜು ಹಾಕಿಯೂ ತೀರದಿದ್ದರೆ ಮೈದಾನದ್ದೂ ಲಿಲಾವು.

ಮೈದಾನ ಹೋದರೆ ತಾಲೀಮು ಎಲ್ಲಿಯದು ಇಬ್ರಾಹಿಮ? ಕುಸ್ತಿ ಮಣ್ಣಿನಲ್ಲಿ ಈಗ ಯಾರೂ ಇಳಿಯುವುದಿಲ್ಲ. ಕುಸ್ತಿ ಕಲಿಸುತ್ತಿದ್ದ ವಸ್ತಾದ ಮಲಕಾರಿ ಒಬ್ಬನೇ ಅದನ್ನು ಅಗೆದು ಎಣ್ಣೆ ಹಾಕಿ ಕೂರುತ್ತಾನೆ. ಈ ಓಣಿಯ ಹುಡುಗರಿಗೆ ಉಳಿದದ್ದು ಫುಟ್ಬಾಲು ಒಂದೇ. ನಾನು ಸೆಕ್ರೆಟರಿ ಆಗಿರುವಾಗ ಮೈದಾನ ಹೋಯಿತು ಅನ್ನಿಸಿಕೊಂಡು ನನಗೆ ಈ ಊರಲ್ಲಿ ತಿರುಗಾಡುವುದಾಗುವುದಿಲ್ಲ.

ದೀಪಾವಳಿಯ ಸುಮಾರಿಗೆ ಒಂದು ಪ್ರದರ್ಶನ ಮ್ಯಾಚು ಇಡೋಣ ಎಂದಿದ್ದೇವೆ. ಈ ಸಲ ಟಿಕೀಟಿಗೆ ಟಿಕೀಟು ಎಂದೇ ಬರೆಸುತ್ತೇನೆ. ನೀನು ಗೋಲಿನಲ್ಲಿ ನಿಂತರೆ ಜನ ಬರುತ್ತಾರೆ. ಬರುತ್ತೀಯಾ?

ನಿನ್ನ,
ಶ್ರೀಪಾಲ


ಅಥಣಿ
೩ ಸಪ್ಟೆಂಬರ್ ೧೯೮೮

ಶ್ರೀಪಾಲ,

ನಿನ್ನ ಪತ್ರ ಬಂತು. ಓದಿದೆ. ನಿನ್ನ ದೇಣಿಗೆ ಪಾವತಿಯ ಸುದ್ದಿ ಓದಿ ನಕ್ಕೆ, ಸುಳ್ಳು ಹೇಳುವುದಿಲ್ಲ. ನಗು ಮುಗಿದ ಮೇಲೆ ಪತ್ರವನ್ನು ಹೊಳ್ಳಿಸಿ ಮಳ್ಳಿಸಿ ನೋಡಿದೆ. ನಾನು ಹುಡುಕುತ್ತಿದ್ದ ಒಂದು ಮಾತು ಅದರಲ್ಲಿ ಇರಲಿಲ್ಲ.

ಜನವರಿಯಲ್ಲಿ ನಮ್ಮ ಅಬ್ಬಾ ತೀರಿಕೊಂಡರು. ನಾನು ಅಥಣಿಗೆ ಬಂದು ಮಾವನ ಗ್ಯಾರೇಜು ಹಿಡಿದ ಮೇಲೆ ಅವರನ್ನೂ ಅಮ್ಮನನ್ನೂ ಕರೆಸಿಕೊಂಡಿದ್ದೆ. ಬರುವಾಗ ಅವರಿಗೆ ಮನಸ್ಸಿರಲಿಲ್ಲ. ದಾದಾಸಾಬ ಎಂದರೆ ನಿಪ್ಪಾಣಿಯಲ್ಲಿ ಯಾರಿಗೆ ಗೊತ್ತಿಲ್ಲ ಹೇಳು. ಹಗಲೆಲ್ಲ ಜನರ ಗೋಡೆಗೆ ಸುಣ್ಣ ಬಳಿದು, ಉಳಿದ ಸುಣ್ಣ ತಂದು ನಿಮ್ಮ ಗೋಲಿನ ಕಂಬಕ್ಕೆ ಬಳಿದು ಮೈದಾನಕ್ಕೆ ಗೆರೆ ಹಾಕುತ್ತಿದ್ದರು. ಒಂದು ಪೈಸೆ ಕೇಳಿದವರಲ್ಲ. ಇಲ್ಲಿ ಕೊನೆಯ ದಿನಗಳಲ್ಲಿ ಹಾಸಿಗೆಯ ಮೇಲೆ ಮಲಗಿ, “ಈ ರವಿವಾರ ಮ್ಯಾಚ್ ಯಾರ ಕೂಡ ಐತಿ?” ಎಂದು ಕೇಳುತ್ತಿದ್ದರು. ನಾನು ಬಾಯಿಗೆ ಬಂದ ಊರಿನ ಹೆಸರು ಹೇಳುತ್ತಿದ್ದೆ.

ಅಂಚೆ ಕಚೇರಿಗೆ ಓಡಿ ತಾಲೀಮಿಗೆ ತಾರು ಮಾಡಿದೆ. ಮಣ್ಣಿಗೆ ಯಾರೂ ಬರಲಿಲ್ಲ. ನಲವತ್ತನೆಯ ದಿನಕ್ಕೂ ಯಾರೂ ಬರಲಿಲ್ಲ. ಒಂದು ಕಾರ್ಡು ಕೂಡ ಇಲ್ಲ. ಅಮ್ಮ ಬಾಗಿಲಲ್ಲಿ ಕೂತು, “ನಿಪ್ಪಾಣಿ ಬಸ್ಸು ಬಂತೇನೋ?” ಎಂದು ಎಷ್ಟು ಸಲ ಕೇಳಿದಳೋ. ಈಗ ಟ್ಯಾಕ್ಸು ಬಂದ ಮೇಲೆ ಇಬ್ರಾಹಿಮ ನೆನಪಾದ.

ನಾನು ಬರುವುದಿಲ್ಲ. ಗೋಲಿಗೆ ಬೇರೆ ಯಾರನ್ನಾದರೂ ನಿಲ್ಲಿಸಿಕೋ.

ಇಬ್ರಾಹಿಮ


ನಿಪ್ಪಾಣಿ
೨೯ ಸಪ್ಟೆಂಬರ್ ೧೯೮೮

ಇಬ್ರಾಹಿಮ,

ನಮ್ಮ ಜೈನರ ದಶಲಕ್ಷಣ ಪರ್ವ ಮುಗಿಯಿತು. ಮುಗಿದ ಮರುದಿನ ನಾವು ಎಲ್ಲರಿಗೂ ಕ್ಷಮಾಪಣೆಯ ಕಾರ್ಡು ಹಾಕುವುದು ನಿನಗೆ ಗೊತ್ತು. ‘ವರ್ಷದಲ್ಲಿ ತಿಳಿದೋ ತಿಳಿಯದೆಯೋ ನಮ್ಮಿಂದಾದ ತಪ್ಪು ಕ್ಷಮಿಸಿರಿ’ ಎಂದು ಅಚ್ಚು ಹಾಕಿಸಿ, ಹೆಸರು ಬರೆದು ಟಪಾಲಿಗೆ ಹಾಕುತ್ತೇವೆ. ಈ ಸಲವೂ ಹಾಕಿದೆವು. ಜೀವಮಾನದಲ್ಲಿ ಮುಖ ನೋಡದ ದೂರದೂರಿನ ತಂಬಾಕು ದಲಾಲರಿಗೂ ಒಂದೊಂದು ಹೋಯಿತು. ನಿನಗೆ ಮಾತ್ರ ಆ ಕಾರ್ಡು ಹಾಕಲು ಕೈ ಬರಲಿಲ್ಲ. ತಿಳಿಯದೆ ಆದ ತಪ್ಪು ಎಂದು ಅಚ್ಚಾಗಿದೆಯಲ್ಲ. ನಿನ್ನ ವಿಷಯದಲ್ಲಿ ನನಗೆ ತಿಳಿದೇ ಇತ್ತು.

ತಾರು ಬಂದಾಗ ನಾನು ಗುಂಟೂರಿನಲ್ಲಿ ಖರೀದಿಗೆ ಹೋಗಿದ್ದೆ. ತಿರುಗಿ ಬಂದಾಗ ಎಂಟು ಹತ್ತು ದಿನ ಆಗಿತ್ತು. ಇಷ್ಟು ದಿನ ಆದ ಮೇಲೆ ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದು ನಾಳೆ ನಾಳೆ ಅಂದೆ. ನಾಳೆ ಅನ್ನುತ್ತ ಅನ್ನುತ್ತ ಹೋಗುವುದು ಇನ್ನೂ ಕಷ್ಟವಾಯಿತು. ಉಳಿದವರು, ಸೆಕ್ರೆಟರಿ ಹೋಗಿರಬೇಕು ಎಂದು ಸುಮ್ಮನಾದರು. ಇದಕ್ಕಿಂತ ಹೆಚ್ಚಿನ ಕಾರಣ ಇಲ್ಲ. ಇದ್ದಿದ್ದರೆ ನನಗೂ ಸ್ವಲ್ಪ ಸಮಾಧಾನ ಇರುತ್ತಿತ್ತು. ಚಾಚಾ ನನ್ನನ್ನೂ ನಿನ್ನನ್ನೂ ಒಂದೇ ಕೈಯಿಂದ ಹೊಡೆದು, ಒಂದೇ ಕೈಯಿಂದ ಚಹಾ ಕೊಟ್ಟವರು. ಅವರ ಮಣ್ಣಿಗೆ ನಾನು ಬರಬೇಕಾಗಿತ್ತು. ಕ್ಷಮಿಸು.

ಪ್ರದರ್ಶನ ಮ್ಯಾಚಿನ ವಿಚಾರ ಬಿಟ್ಟಿದ್ದೇವೆ. ಹಳೆಯ ಬಾಕಿ ತೀರುವ ತನಕ ಹೊಸ ಟಿಕೀಟಿಗೆ ಪರವಾನಗಿ ಕೊಡುವುದಿಲ್ಲವಂತೆ. ಸಾಮಾನು ಜಪ್ತಿಯ ಆದೇಶವಾಗಿದೆ. ಮೊನ್ನೆ ಬಂದು ಗೋಲಿನ ಕಂಬ, ಬಲೆ, ಬೆಂಚು, ನೀರು ತುಂಬಿಡುವ ತಗಡಿನ ಪಿಂಪು, ಗೆದ್ದವರಿಗೆ ಕೊಡುವ ಬೆಳ್ಳಿಯ ಢಾಲು ಎಲ್ಲ ಬರೆದುಕೊಂಡು ಖೋಲಿಗೆ ಮೊಹರು ಹಾಕಿ ಹೋದರು. ಹುಡುಗರು ಈಗ ಇಟ್ಟಂಗಿ ಇಟ್ಟು ಗೋಲು ಮಾಡಿಕೊಂಡು ಆಡುತ್ತಾರೆ.

ನಾವು ಊರವರೆಲ್ಲ ಸೇರಿ ಒಂದು ಯುಕ್ತಿ ಮಾಡಿದ್ದೇವೆ. ಲಿಲಾವಿನ ದಿನ ಮಲಕಾರಿ ಒಬ್ಬನೇ ಕೂಗುವುದು, ಉಳಿದ ಯಾರೂ ಬಾಯಿ ಬಿಡುವುದಿಲ್ಲ. ಹತ್ತಿಪ್ಪತ್ತು ರೂಪಾಯಿಗೆ ಎಲ್ಲ ಸಾಮಾನೂ ನಮಗೇ ಹೊಳ್ಳಿ ಬರುತ್ತದೆ. ಚಾಚಿಯವರಿಗೆ ನನ್ನ ನಮಸ್ಕಾರ ಹೇಳು. ಹೇಳಲು ಮನಸ್ಸಾದರೆ.

ಶ್ರೀಪಾಲ


ಅಥಣಿ
೧೪ ನವೆಂಬರ್ ೧೯೮೮

ಶ್ರೀಪಾಲ,

ನಿನ್ನ ನಮಸ್ಕಾರ ಅಮ್ಮನಿಗೆ ಹೇಳಿದೆ. “ಊಟ ಸರಿಯಾಗಿ ಮಾಡತಾನಂತೇನು? ಮೊದಲಿಂದ ಕಡ್ಡಿ ಹಂಗ ಇದ್ದಾಂವ” ಎಂದಳು. ಅವಳ ಸಿಟ್ಟು ಇಷ್ಟಕ್ಕೇ ಇಳಿದದ್ದು ನೋಡಿ ನನಗೆ ಅವಳ ಮೇಲೆ ಸಿಟ್ಟು ಬಂತು. ನನ್ನದು ಇನ್ನೂ ಇಳಿದಿಲ್ಲ. ಆದರೆ ನೀನು ಕಾರಣ ಕಟ್ಟಿ ಬರೆಯಲಿಲ್ಲ. ಅದು ಒಳ್ಳೆಯದು ಮಾಡಿದೆ.

ನಿಮ್ಮ ಯುಕ್ತಿ ಓದಿದೆ. ಲೇ ಶಾಣ್ಯಾ, ನಿನ್ನ ತಲೆಯಲ್ಲಿ ತಂಬಾಕು ತುಂಬಿದೆಯೇನು? ಸಾಮಾನು ಇಪ್ಪತ್ತು ರೂಪಾಯಿಗೆ ಹೋದರೆ ಬಾಕಿಯಲ್ಲಿ ಇಪ್ಪತ್ತು ರೂಪಾಯಿ ಕಡಿಮೆಯಾಗುತ್ತದೆ. ಉಳಿದದ್ದು ಹಾಗೇ ಇರುತ್ತದೆ. ಆಮೇಲೆ ಅವರು ಮೈದಾನಕ್ಕೆ ಕೈ ಹಾಕುತ್ತಾರೆ. ಗೋಲಿನ ಕಂಬ ಉಳಿಸಿಕೊಂಡು ಅದನ್ನು ಎಲ್ಲಿ ನಿಲ್ಲಿಸುತ್ತೀರಿ, ನಿಮ್ಮ ತಂಬಾಕಿನ ಚೀಲ ತುಂಬುವ ವಖಾರದ ಮಾಳಿಗೆಯ ಮೇಲೋ? ಸಾಮಾನಿನ ಲಿಲಾವಿನಲ್ಲೇ ಪೂರಾ ಬಾಕಿ ತೀರುವಷ್ಟು ಬರಬೇಕು. ಅಂದರೇನೇ ಮೈದಾನ ಉಳಿಯುವುದು. ಇಷ್ಟು ಗ್ಯಾರೇಜಿನವನಿಗೆ ತಿಳಿಯುತ್ತದೆ, ಸೆಕ್ರೆಟರಿಗೆ ತಿಳಿಯಲಿಲ್ಲ.

ಹೇಗೆ ತರುತ್ತೀ ಅಂತ ನನ್ನನ್ನು ಕೇಳಬೇಡ.

ಇಬ್ರಾಹಿಮ


ನಿಪ್ಪಾಣಿ
೨೭ ಡಿಸೆಂಬರ್ ೧೯೮೮

ಇಬ್ರಾಹಿಮ,

ನಿನ್ನ ಪತ್ರವನ್ನು ತಾಲೀಮಿನಲ್ಲಿ ಗಟ್ಟಿಯಾಗಿ ಓದಿದೆ, ‘ತಂಬಾಕು ತುಂಬಿದೆಯೇನು’ ಎನ್ನುವುದನ್ನು ಬಿಟ್ಟು. ಮಲಕಾರಿ, “ಬಿಟ್ಟಿದ್ದನ್ನೂ ಓದೋ” ಅಂದ. ಅವನಿಗೆ ನಿನ್ನ ಬರವಣಿಗೆ ಗೊತ್ತು. ನೀನು ಹೇಳಿದ್ದು ಎಲ್ಲರಿಗೂ ನಾಟಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಜನ ನಾವು.

ಆಮೇಲೆ ಪೇಟೆಯಲ್ಲಿ ಮನೆಮನೆ ತಿರುಗಿದೆ. ಈ ವರ್ಷ ತಂಬಾಕಿಗೆ ದರವಿಲ್ಲ. ನನ್ನನ್ನು ಕಂಡೊಡನೆ ಎಲ್ಲರೂ ಅದನ್ನೇ ಮೊದಲು ಹೇಳಿ, ನಂತರ ಚಹಾ ತರಿಸುತ್ತಾರೆ. ಚಹಾ ಕುಡಿದು ಕುಡಿದು ಪಿತ್ತವಾಗಿದೆ. ಸದಲಗಿಯ ಭೀಮಗೊಂಡ ಪಾಟೀಲರ ಹತ್ತಿರವೂ ಹೋಗಿದ್ದೆ. ಬೆಳ್ಳಿಯ ಢಾಲು ಅವರಪ್ಪ ಪದ್ಮಗೊಂಡರು ಕೊಟ್ಟದ್ದಲ್ಲವೇ, ಅದಕ್ಕೆ ಏನಾದರೂ ಮನಸ್ಸು ಕರಗೀತು ಎಂದು. ಅವರು ಬಹಳ ಮರ್ಯಾದೆಯಿಂದ ಕೂಡಿಸಿ, “ಮೈದಾನ ಲಿಲಾವಿಗೆ ಎಂದ ಬರತೈತಿ ಶ್ರೀಪಾಲ? ಅಲ್ಲೊಂದು ವಖಾರ ಕಟ್ಟಬೇಕಂತ ನನ್ನ ಮನಸಿನ್ಯಾಗ ಭಾಳ ದಿನದಿಂದ ಐತಿ” ಎಂದರು. ನಗುತ್ತಲೇ ಹೇಳಿದರು. ನಾನು ಚಹಾ ಅರ್ಧಕ್ಕೇ ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ.

ಅಪ್ಪನನ್ನು ಕೇಳು ಎಂದು ಎಲ್ಲರೂ ಹೇಳುತ್ತಾರೆ. ಅಪ್ಪ, ಅಂದರೆ ಊರವರ ತಾತ್ಯಾಸಾಹೇಬರು, ನಿನಗೆ ಗೊತ್ತಿದ್ದದ್ದೇ. ಚರ್ಮದ ಚೆಂಡು ಒದೆಯುವ ಆಟ ಎಂದು ಇಷ್ಟು ವರ್ಷ ಮೈದಾನದ ಕಡೆಯ ಹಾದಿಯನ್ನೇ ತುಳಿದವರಲ್ಲ. ನಾನು ಆಡಿ ಬಂದರೆ ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಹೋಗಬೇಕಿತ್ತು. ಧೈರ್ಯ ಮಾಡಿ ಕೇಳಿದೆ. “ಸರಕಾರದ ರೊಕ್ಕ ಸರಕಾರಕ್ಕ ಕೊಡಾಕ ಬೇಕು. ನೀ ಯಾಕ ಮುಚ್ಚಿಟ್ಟಿ?” ಎಂದರು.

ಲಿಲಾವು ಫೆಬ್ರುವರಿ ೧೩, ಸೋಮವಾರ. ಆಡಲು ಬಾ ಎಂದು ಕರೆಯುವುದಿಲ್ಲ. ಆ ದಿನ ಸುಮ್ಮನೆ ನನ್ನ ಪಕ್ಕದಲ್ಲಿ ನಿಲ್ಲಲು ಬಾ.

ಶ್ರೀಪಾಲ


ಅಥಣಿ
೩೦ ಜನವರಿ ೧೯೮೯

ಶ್ರೀಪಾಲ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಹೆಚ್ಚು ಬರೆಯುವುದಿಲ್ಲ. ಕಬ್ಬಿನ ಹಂಗಾಮು ನಡೆದಿದೆ. ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳು ದಿನಾ ನಾಲ್ಕೈದು ಬಂದು ನಿಲ್ಲುತ್ತವೆ, ಗ್ಯಾರೇಜು ಬಿಡಲಾಗುವುದಿಲ್ಲ. ಇದು ಊರವರಿಗೆ ಹೇಳಲು. ನಿನಗೆ ನಿಜ ಹೇಳುತ್ತೇನೆ: ಅಬ್ಬಾ ಇಲ್ಲದ ಆ ಮೈದಾನ ನೋಡಲು ನನಗೆ ಮನಸ್ಸಾಗುವುದಿಲ್ಲ. ಏನಾಯಿತು ಎಂದು ಬರಿ.

ಇಬ್ರಾಹಿಮ


ನಿಪ್ಪಾಣಿ
೧೯ ಫೆಬ್ರುವರಿ ೧೯೮೯

ಇಬ್ರಾಹಿಮ,

ಈ ಪತ್ರ ಇನ್‌ಲ್ಯಾಂಡಿನಲ್ಲಿ ಹಿಡಿಯುವುದಿಲ್ಲ, ಪಾಕೀಟಿನಲ್ಲಿ ಕಳಿಸುತ್ತಿದ್ದೇನೆ. ಸಾವಕಾಶವಾಗಿ ಕೂತು ಓದು. ಸಾಧ್ಯವಾದರೆ ಚಾಚಿಯವರಿಗೂ ಓದಿ ಹೇಳು.

ಲಿಲಾವಿಗೆ ಸಾಹೇಬರು ಒಬ್ಬ ಸಿಪಾಯಿಯನ್ನು ಕರೆದುಕೊಂಡು ಜೀಪಿನಲ್ಲಿ ಬಂದರು. ಪಂಚನಾಮೆಗೆ ಇಬ್ಬರು ಪಂಚರು ಬೇಕು, ಊರಿನ ಹಿರಿಯರಾಗಿರಬೇಕು ಎಂದರು. ಯಾರೋ ಹೋಗಿ ನಮ್ಮಪ್ಪನನ್ನೇ ಕರೆದು ತಂದರು! ಸರಕಾರಿ ಕೆಲಸ ಎಂದರೆ ಇಲ್ಲ ಎನ್ನುವವರಲ್ಲ. ಹೀಗೆ ತಾತ್ಯಾಸಾಹೇಬರು ಜನ್ಮದಲ್ಲಿ ಮೊದಲ ಸಲ ನಮ್ಮ ಮೈದಾನದೊಳಗೆ ಕಾಲಿಟ್ಟರು. ಪಂಚೆ ಮೇಲೆತ್ತಿ ಹಿಡಿದು, ಗೆರೆ ಕಂಡಲ್ಲೆಲ್ಲ ದಾಟಿ ದಾಟಿ ಬಂದು ಖುರ್ಚಿಯಲ್ಲಿ ಕೂತರು.

ಜನ ಸೇರಿದ್ದರು. ಆದರೆ ಸೂತಕದ ಮನೆಯಲ್ಲಿ ಸೇರಿದ ಹಾಗೆ. ಭೀಮಗೊಂಡರು ಬೇವಿನ ಗಿಡದ ಕೆಳಗೆ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಮೈದಾನವನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ಮೊದಲು ಬೆಂಚು. ಮಲಕಾರಿ ನಲವತ್ತು ಅಂದ. ಅಷ್ಟೇ. ಆಮೇಲೆ ಬಲೆ, ಮೂವತ್ತು. ಸಿಪಾಯಿ ಮೂಗಿನಲ್ಲಿ, “ಒಂದ ಸಾರಿ, ಎರಡ ಸಾರಿ, ಮೂರ ಸಾರಿ” ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದ. ನನಗೆ ನೀನು ಬರೆದದ್ದೇ ಕಿವಿಯಲ್ಲಿ. ಹೀಗೇ ಆದರೆ ಸಂಜೆಗೆ ಮೈದಾನ ಭೀಮಗೊಂಡರದು.

ಮೂರನೆಯದು ಬೆಳ್ಳಿಯ ಢಾಲು. ಸಿಪಾಯಿ ಅದನ್ನು ತಲೆಕೆಳಗಾಗಿ ಹಿಡಿದು, ಎಪ್ಪತ್ತಕ್ಕೆ ಒಂದ ಸಾರಿ ಎಂದದ್ದೇ ತಡ, ನಮ್ಮಪ್ಪ ಖುರ್ಚಿಯಿಂದ ಎದ್ದರು.

“ಏ ತಮ್ಮಾ, ಹಿಂಗ ಕೂಗತಾರೇನೋ? ಸವಾಲ ಅಂದ್ರ ಊರ ಕೇಳಬೇಕು!”

ನಿನಗೆ ಗೊತ್ತು, ನಮ್ಮ ಬಸದಿಯಲ್ಲಿ ಹಬ್ಬದ ದಿನ ಮೊದಲ ಕಲಶ ಯಾರು ಎರೆಯಬೇಕು ಎಂದು ಸವಾಲು ನಡೆಯುತ್ತದೆ. ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಮಾನ. ಕೂಗುವವರು ತಮ್ಮ ಹೆಸರಿನಲ್ಲಿ ಕೂಗುವುದಿಲ್ಲ, ತಮ್ಮ ಮನೆಯಲ್ಲಿ ತೀರಿಹೋದ ಹಿರಿಯರ ಹೆಸರಿನಲ್ಲಿ ಕೂಗುತ್ತಾರೆ. ನಲವತ್ತು ವರ್ಷ ಆ ಸವಾಲು ನಡೆಸಿದವರು ನಮ್ಮಪ್ಪ. ಸಣ್ಣವರಿದ್ದಾಗ ನಾವಿಬ್ಬರೂ ಬಸದಿಯ ಬಾಗಿಲಲ್ಲಿ ನಿಂತು ಅವರ ದನಿ ಅಣಕಿಸಿ ಬೈಸಿಕೊಂಡಿದ್ದೇವೆ. ಈಗ ಅದೇ ದನಿ, ವಯಸ್ಸು ಎಪ್ಪತ್ತೈದು ದಾಟಿದ್ದರೂ ಹಾಗೇ ಇದೆ.

“ಸದಲಗಿ ಪದ್ಮಗೊಂಡನ ಹೆಸರ ಮ್ಯಾಲ, ಇನ್ನೂರಾ ಒಂದು!”

ಸಾಹೇಬರು, “ಅಜ್ಜಾರ, ಪಂಚರು ಕೂಗಬಾರದ್ರಿ” ಎಂದರು. “ಹಂಗಾರ ನಾ ಪಂಚ ಅಲ್ಲ. ಬ್ಯಾರೆಯವ್ರನ್ನ ಕರಸ್ರಿ” ಎಂದು ಇವರು ಖುರ್ಚಿಯನ್ನೇ ಅತ್ತ ಸರಿಸಿಬಿಟ್ಟರು. ಬೇವಿನ ಗಿಡದ ಕೆಳಗಿನಿಂದ ಭೀಮಗೊಂಡರು ದಡದಡ ಬಂದರು. ಮುಖ ಕೆಂಪಾಗಿತ್ತು.

“ತಾತ್ಯಾ, ಅದು ನಮ್ಮಪ್ಪನ ಹೆಸರ್ರಿ!”

“ಹೌದಪಾ. ಮಗಾ ಸುಮ್ಮ ನಿಂತಾನ, ಅದಕ್ಕ ನಾ ಕೂಗೇನಿ.”

ಇಬ್ರಾಹಿಮ, ಆಗ ಭೀಮಗೊಂಡರನ್ನು ನೀನು ನೋಡಬೇಕಿತ್ತು. ತನ್ನ ಅಪ್ಪನ ಹೆಸರಿನಲ್ಲಿ ಇನ್ನೊಬ್ಬರು ಸವಾಲು ಗೆದ್ದರೆ ಆ ಮನುಷ್ಯ ಸದಲಗಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಐನೂರಾ ಒಂದು ಎಂದರು. ಅಪ್ಪ ಸಾವಿರದಾ ಒಂದು ಎಂದರು. ಹೀಗೆ ಏರುತ್ತ ಹೋಯಿತು. ಸಾಹೇಬರು ಪೆನ್ನು ಹಿಡಿದವರು ಹಿಡಿದ ಹಾಗೇ ಇದ್ದರು. ಕೊನೆಗೆ ಭೀಮಗೊಂಡರು, “ಏಳ ಸಾವಿರದಾ ಒಂದು, ನಮ್ಮಪ್ಪ ಪದ್ಮಗೊಂಡನ ಹೆಸರ ಮ್ಯಾಲ!” ಎಂದು ಕೂಗಿದರು. ಅಪ್ಪ ತಕ್ಷಣ ಕೈ ಜೋಡಿಸಿ, “ಇನ್ನ ಸರಿ ಆತು. ಪದ್ಮಗೊಂಡ ಪುಣ್ಯವಂತ” ಎಂದು ಕೂತುಬಿಟ್ಟರು. ಮೈದಾನದಲ್ಲಿ ವಖಾರ ಕಟ್ಟಲು ಬಂದ ಮನುಷ್ಯನೇ ಅದರ ಅರ್ಧ ಬಾಕಿ ತೀರಿಸಿದ.

ಆಮೇಲೆ ನಮ್ಮ ಜನರನ್ನು ಹಿಡಿಯುವವರೇ ಇಲ್ಲ. ಇದು ಸರಕಾರದ ಜಪ್ತಿ ಎನ್ನುವುದನ್ನೇ ಮರೆತರು. ಮಲಕಾರಿ ತಾನು ಹಿಡಿದಿದ್ದ ಬೆಂಚು, ಬಲೆ ಎರಡನ್ನೂ ಮತ್ತೆ ಲಿಲಾವಿಗೆ ಇಡಿ ಎಂದು ಹಟ ಮಾಡಿ, ಬೆಂಚಿಗೆ ತನ್ನ ಗುರುವಿನ ಹೆಸರಿನಲ್ಲಿ ಹತ್ತು ಪಟ್ಟು ಹೆಚ್ಚು ಕೊಟ್ಟ. ಹಾಲಿನ ಡೈರಿಯ ಹಾಲಸಿದ್ದ ತೀರಿಹೋದ ತಮ್ಮನ ಹೆಸರಿನಲ್ಲಿ ಬಲೆ ಹಿಡಿದ. ಆ ಹುಡುಗ ಎಡಗಡೆಯಿಂದ ಹೇಗೆ ಓಡುತ್ತಿದ್ದ, ನೆನಪಿದೆಯಾ? ವಖಾರದಲ್ಲಿ ತಂಬಾಕು ಜರಡಿ ಹಿಡಿಯುವ ಕಾಳವ್ವ ನೀರಿನ ಪಿಂಪಿಗೆ ತನ್ನ ಗಂಡನ ಹೆಸರಿನಲ್ಲಿ ಹನ್ನೊಂದು ರೂಪಾಯಿ ಕೂಗಿದಳು. ಅದರ ಮೇಲೆ ಯಾರೂ ಬಾಯಿ ಬಿಡಲಿಲ್ಲ. ಸಿಪಾಯಿ ಕೂಡ ಈಗ ಎದೆ ಸೆಟೆಸಿ ಊರು ಕೇಳುವ ಹಾಗೆ ಕೂಗುತ್ತಿದ್ದ.

ಕೊನೆಗೆ ಉಳಿದದ್ದು ಎರಡು ಜೊತೆ ಗೋಲಿನ ಕಂಬ. ಒಂದು ಜೊತೆಯನ್ನು ಪೇಟೆಯ ವ್ಯಾಪಾರಸ್ಥರು ಸೇರಿ ಐದು ಸಾವಿರ ದಾಟಿಸಿ ಹಿಡಿದರು, ತಂಬಾಕಿಗೆ ದರವಿಲ್ಲ ಎಂದವರೇ. ಸಾಹೇಬರು ಕೂಡಿಸಿ ನೋಡಿ, ಇನ್ನು ಏಳುನೂರು ಬಂದರೆ ಬಾಕಿ ಪೂರಾ ಚುಕ್ತಾ ಎಂದರು. ಪಡುವಣ ಬದಿಯ ಗೋಲು ಹೊರಗೆ ತಂದರು. ನೀನು ನಿಲ್ಲುತ್ತಿದ್ದ ಗೋಲು. ಅಪ್ಪ ಮತ್ತೆ ಎದ್ದರು. ಈ ಸಲ ದನಿ ಏರಿಸಲಿಲ್ಲ.

“ದಾದಾಸಾಬನ ಹೆಸರ ಮ್ಯಾಲ, ಏಳನೂರಾ ಒಂದು. ಮೂವತ್ತ ವರ್ಷ ನಮ್ಮ ಮನಿ ಗ್ವಾಡಿ ಬೆಳ್ಳಗ ಇಟ್ಟಾಂವ. ಒಂದು ದೀಪಾವಳಿನೂ ನಾ ಅವನ ಕೂಲಿಗೆ ಜಗಳ ತಗೀದ ಬಿಟ್ಟಿಲ್ಲ.”

“ಒಂದ ಸಾರಿ!” ಎಂದ ಸಿಪಾಯಿ. ಅಪ್ಪ, “ತಡೀಪಾ” ಎಂದು ಕೈ ಎತ್ತಿ ಮೈದಾನದ ಬಾಗಿಲ ಕಡೆ ನೋಡಿದರು. ಎಲ್ಲರೂ ಹೊರಳಿ ನೋಡಿದೆವು. ಯಾರೂ ಇರಲಿಲ್ಲ. “ಎರಡ ಸಾರಿ!” ಅಪ್ಪ ಮತ್ತೆ ತಡೆದರು, ಮತ್ತೆ ಅತ್ತಲೇ ನೋಡಿದರು. ಸಾಹೇಬರಿಗೆ ಸಾಕಾಗಿ, “ಯಾರನ್ನ ಕಾಯಾಕತ್ತೀರಿ ಅಜ್ಜಾರ?” ಎಂದು ಕೇಳಿದರು.

“ಮಗನ್ನ.”

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಅವರು ಕಾಯುತ್ತಿದ್ದ ಮಗ ನಾನಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಮೂರನೆಯ ಸಾರಿ ಸಿಪಾಯಿ ಬಹಳ ಸಣ್ಣಗೆ ಹೇಳಿದ.

ಮೈದಾನ ಉಳಿಯಿತು ಇಬ್ರಾಹಿಮ. ಚುಕ್ತಾ ಆದ ರಸೀದಿ ನನ್ನ ಕೈಯಲ್ಲಿದೆ. ಬೇಕೆಂದೇ ಮಾಡಿದಿರೋ, ಬಸದಿ ಎಂದು ಮರೆತು ಕೂಗಿದಿರೋ ಎಂದು ರಾತ್ರಿ ಅಪ್ಪನನ್ನು ಕೇಳಿದೆ. “ಸವಾಲ ಅಂದ್ರ ಸವಾಲ” ಎಂದು ಮಗ್ಗುಲಾದರು. ನನಗೆ ಇವತ್ತಿಗೂ ತಿಳಿದಿಲ್ಲ.

ಕೊಂಡ ಸಾಮಾನು ಕೊಂಡವರು ಒಯ್ಯಲೇಬೇಕು, ಇಲ್ಲೇ ಬಿಟ್ಟರೆ ಲಿಲಾವು ಸುಳ್ಳು ಎಂದಾಗುತ್ತದೆ ಎಂದು ಸಾಹೇಬರು ಹೇಳಿದ್ದರಿಂದ ಈಗ ಬೆಂಚು ಮಲಕಾರಿಯ ಮನೆಯಲ್ಲಿ, ಢಾಲು ಸದಲಗಿಯಲ್ಲಿ, ಪಿಂಪು ಕಾಳವ್ವನ ಅಂಗಳದಲ್ಲಿ ಇವೆ. ಆಟದ ದಿನ ಎಲ್ಲರೂ ತಂದು ಕೊಡುತ್ತಾರಂತೆ. ಚಾಚಾನ ಕಂಬ ನಮ್ಮ ಹಿತ್ತಲಲ್ಲಿವೆ. ಅಪ್ಪ ದಿನಾ ಅವುಗಳ ಸುತ್ತ ಓಡಾಡುತ್ತ ಏನೋ ಯೋಚಿಸುತ್ತಾರೆ.

ಶ್ರೀಪಾಲ


ನಿಪ್ಪಾಣಿ
೬ ಮಾರ್ಚ್ ೧೯೮೯

ಚಿ. ಇಬ್ರಾಹಿಮನಿಗೆ ತಾತ್ಯಾಸಾಹೇಬನ ಆಶೀರ್ವಾದ.

ಈ ಚೀಟಿ ತರುವ ಲಾರಿಯಲ್ಲಿ ಎರಡು ಕಂಬ, ಒಂದು ಅಡ್ಡತೊಲೆ ಇವೆ. ಎಣಿಸಿ ಇಳಿಸಿಕೊಳ್ಳುವುದು. ಯಾರ ಹೆಸರಿನಲ್ಲಿ ಸವಾಲು ಹಿಡಿದಿದೆಯೋ ಅವರ ಮನೆಗೆ ವಸ್ತು ಸೇರಬೇಕು. ನಮ್ಮಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಬಾಡಿಗೆ ಕೊಟ್ಟಿದೆ, ಡ್ರೈವರ್ ಕೇಳಿದರೆ ಕೊಡಕೂಡದು.

ಇಲ್ಲಿ ಹುಡುಗರು ಒಂದೇ ಗೋಲು ಇಟ್ಟುಕೊಂಡು ಆಡುತ್ತಿದ್ದಾರೆ. ಮಲಕಾರಿ ದಿನಾ ಬಂದು ನನ್ನ ಮೇಲೆ ಕೂಗಾಡುತ್ತಾನೆ. ಅದು ನನಗೆ ಸಂಬಂಧವಿಲ್ಲ. ಚೆಂಡಿನ ಆಟ ನನಗೆ ತಿಳಿಯುವುದಿಲ್ಲ.

ನಿನ್ನ ತಾಯಿ ತಾಜಬಿಗೆ, ದಾದಾಸಾಬನ ಮೇಲೆ ನನ್ನ ಜಗಳ ಏನೂ ಉಳಿದಿಲ್ಲ ಎಂದು ಹೇಳುವುದು.

ತಾತ್ಯಾಸಾಹೇಬ ಜಿನ್ನಪ್ಪ


ಅಥಣಿ
೧೩ ಮಾರ್ಚ್ ೧೯೮೯

ಶ್ರೀಪಾಲ,

ಲಾರಿ ಬಂದಾಗ ನಾನು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದೆ. ಕೈಯೆಲ್ಲ ಗ್ರೀಸು. ಡ್ರೈವರ್ ಬಾಡಿಗೆ ಕೇಳಿದ, ಕೊಡಲಿಲ್ಲ. ನಿಮ್ಮಪ್ಪನ ಚೀಟಿ ತೋರಿಸಿದೆ, ಬೈದುಕೊಳ್ಳುತ್ತ ಹೋದ.

ಕಂಬ ಗ್ಯಾರೇಜಿನ ಮುಂದೆ ಮಲಗಿಸಿದ್ದೇನೆ. ಬಂದವರೆಲ್ಲ ಇದೇನು, ಮನೆ ಕಟ್ಟಿಸುತ್ತೀಯೇನು ಎಂದು ಕೇಳುತ್ತಾರೆ. ಅಮ್ಮ ಮೊದಲ ದಿನ ಹತ್ತಿರ ಬರಲಿಲ್ಲ. ಎರಡನೆಯ ದಿನ ಒಂದು ಮಣೆ ತಂದು ಅವುಗಳ ಪಕ್ಕದಲ್ಲಿ ಹಾಕಿಕೊಂಡು ಕೂತಳು. ಕಂಬದ ಮೇಲಿನ ಸುಣ್ಣದ ಒಂದು ಹಕ್ಕಳೆ ಎಬ್ಬಿಸಿದಳು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. “ಏಸ ವರ್ಷದ್ದು ಐತೋ ಇದು” ಎಂದಳು. ಆಮೇಲೆ ಜೋರಾಗಿ ಅತ್ತಳು. ಅಬ್ಬಾ ಹೋದ ದಿನ ಅವಳು ಹೀಗೆ ಅತ್ತಿರಲಿಲ್ಲ. ನಾನು ಅವಳ ಜೊತೆ ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಗ್ರೀಸಿನ ಕೈಯಿಂದ ಮುಖ ಒರೆಸಿಕೊಂಡದ್ದು ಆಮೇಲೆ ಗೊತ್ತಾಯಿತು.

ನಿನ್ನ ಮೇಲಿನ ಸಿಟ್ಟು ಹೋಯಿತು ಶ್ರೀಪಾಲ. ಯಾವಾಗ ಹೋಯಿತು ಎಂದು ಕೇಳಬೇಡ. ಈಗ ಹುಡುಕಿದರೆ ಇಲ್ಲ.

ಆದರೆ ನಿಮ್ಮಪ್ಪನ ಮೇಲೆ ಒಂದು ಇದೆ. ನಾನು ಅಲ್ಲಿ ಇಲ್ಲದಾಗ ನಮ್ಮ ಅಬ್ಬಾನ ಹೆಸರಿನಲ್ಲಿ ಅವರು ಸವಾಲು ಗೆದ್ದರು. ಭೀಮಗೊಂಡರಿಗೆ ಮಾನ ಇರುವ ಹಾಗೆ ಗ್ಯಾರೇಜಿನ ಇಬ್ರಾಹಿಮನಿಗೂ ಮಾನ ಇದೆ. ಬರುವ ರವಿವಾರ ಕಂಬ ತೆಗೆದುಕೊಂಡು ನಾನೂ ಅಮ್ಮನೂ ಬರುತ್ತೇವೆ. ಮೈದಾನದ ನಡುವೆ ನಿಮ್ಮಪ್ಪನಿಗೆ ಖುರ್ಚಿ ಹಾಕು. ಒಂದ ಸಾರಿ, ಎರಡ ಸಾರಿ ನೀನೇ ಕೂಗು, ಊರು ಕೇಳುವ ಹಾಗೆ ಕೂಗು. ಮೂರನೆಯ ಸಾರಿಗೆ ಮೊದಲು ನಾನು ಬಾಗಿಲಿಂದ ಬಂದು ಅಬ್ಬಾನ ಹೆಸರಿನಲ್ಲಿ ಅವರಿಗಿಂತ ಒಂದು ರೂಪಾಯಿ ಹೆಚ್ಚು ಹೇಳುತ್ತೇನೆ.

ಅವರು ಅದರ ಮೇಲೆ ಏರಿಸಕೂಡದು. ತಾತ್ಯಾನಿಗೆ ಈಗಲೇ ತಿಳಿಸು, ಸೋಲಲಿಕ್ಕೆ ತಯಾರಾಗಿ ಬರಲಿ.

ನಿನ್ನ,
ಇಬ್ರಾಹಿಮ